ಒಂದು ಸಲಕ್ಕೆ ಒಂದೇ ಗಾಡಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಕಟ್ಟಳೆಯನ್ನು ನಾನು ಹೋದ ತಿಂಗಳು ನಿಷ್ಠೆಯಿಂದ ಪಾಲಿಸಿದ್ದೇನೆ. ನಮ್ಮ ಓಣಿಯ ಗಣಪತಿ ಗುಡಿಯ ಮುಂದೆ ನಡೆದ ಸಂತಾಪ ಸಭೆಯಲ್ಲಿ, ಓಣಿಗೆಲ್ಲ ಹಿರಿಯನೆಂಬ ಒಂದೇ ಅರ್ಹತೆಯ ಮೇಲೆ ಮೈಕು ನನ್ನ ಕೈಗೆ ಬಂತು. ಮೃತರು ಸಜ್ಜನರು, ಪರೋಪಕಾರಿಗಳು, ಆದರ್ಶ ತಂದೆ ಎಂದು ಹೇಳಿ, ಮೌನ ಆಚರಿಸಿ, ಚಹಾ ಕುಡಿದು ಮನೆಗೆ ಬಂದೆ. ಮೊದಲ ಎರಡು ಮಾತಿಗೆ ನನ್ನ ತಕರಾರಿಲ್ಲ. ಮೂರನೆಯದು ಮಾತ್ರ ಅಂದಿನಿಂದ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ. ನಾನು ಮೀನು ತಿನ್ನುವವನಲ್ಲ. ಆದರೂ ಬೇರೆ ಹೋಲಿಕೆ ತೋಚುತ್ತಿಲ್ಲ. ಆ ಮಾತು ಪೂರಾ ಸುಳ್ಳಾಗಿದ್ದರೆ ಚಹಾದ ಜೊತೆಗೇ ಇಳಿದುಹೋಗುತ್ತಿತ್ತು. ಒಂದು ದಸರೆಯವರೆಗೆ ಅದು ನಿಜವಾಗಿತ್ತು, ತೊಂದರೆ ಅದೇ.

ಅವರ ಹೆಸರು ಇಲ್ಲಿ ಬೇಡ. ಹೊಸಪೇಟೆಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಸಂಡೂರಿನ ಗುಡ್ಡದ ಮೇಲಿನ ಒಂದು ಖಾಸಗಿ ಗಣಿಯಲ್ಲಿ, ಲಾರಿ ರಿಪೇರಿಯ ಶೆಡ್ಡಿಗೆ ಅವರು ಮೇಲ್ವಿಚಾರಕರು. ಡಿಪ್ಲೊಮಾ ಓದಿದವರು. ದಿನಾ ಬೆಳಿಗ್ಗೆ ಕಂಪನಿ ಜೀಪಿನಲ್ಲಿ ಬಿಳಿ ಅಂಗಿ ತೊಟ್ಟು ಹೋಗಿ, ಸಂಜೆ ಅದೇ ಅಂಗಿಯಲ್ಲಿ ಕೆಂಪಗೆ ಮರಳುತ್ತಿದ್ದರು.

ಅದು ಮಣ್ಣಿಗೆ ಬಂಗಾರದ ಬೆಲೆ ಬಂದ ಕಾಲ. ಗದ್ದೆ ಇದ್ದವರು ಗದ್ದೆ ಬಿಟ್ಟು ಲಾರಿ ಕೊಂಡರು. ಲಾರಿ ಇದ್ದವರು ಇನ್ನೊಂದು ಲಾರಿ ಕೊಂಡರು. ಎರಡೂ ಇಲ್ಲದವರು ಧೂಳು ಸೇವಿಸಿದರು. ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದ ನಾನು ಈ ಕೊನೆಯ ವರ್ಗಕ್ಕೆ ಸೇರಿದವನು. ಹಂಪಿ ಹೇಗೆ ಹಾಳಾಯಿತೆಂದು ಪಾಠ ಹೇಳುವಾಗ ಕಿಟಕಿಯ ಹೊರಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಬೇರೆ ಉದಾಹರಣೆ ಹುಡುಕಬೇಕಾಗುತ್ತಿರಲಿಲ್ಲ.

ಇಡೀ ಊರು ದೊಡ್ಡ ಗಾಡಿಗಳ ಹಿಂದೆ ಬಿದ್ದಿದ್ದಾಗ ಈ ಮನುಷ್ಯ ಸಣ್ಣ ಗಾಡಿಗಳ ಹಿಂದೆ ಬಿದ್ದರು. ಅಂಗೈಗಿಂತ ತುಸು ದೊಡ್ಡ, ರಿಮೋಟಿನಿಂದ ಓಡುವ ಕಾರುಗಳು. ಗಣಿಯ ಅಧಿಕಾರಿಗಳ ಮಕ್ಕಳು ಹುಟ್ಟುಹಬ್ಬಕ್ಕೆ ಪಡೆದು, ಮರುದಿನ ಮುರಿದು, ಮೂರನೆಯ ದಿನ ಮರೆತ ಕಾರುಗಳನ್ನೆಲ್ಲ ಅವರು ಚೀಲದಲ್ಲಿ ತುಂಬಿ ತರುತ್ತಿದ್ದರು. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಅವುಗಳ ಕರುಳು ಬಿಚ್ಚಿ, ಮೋಟಾರು, ತಂತಿ, ಗಾಲಿ ಬೇರೆ ಬೇರೆ ಮಾಡಿ, ತಮ್ಮಿಬ್ಬರು ಮಕ್ಕಳ ಜೊತೆ ಕೂತು ಹೊಸ ಕಾರು ಕಟ್ಟುತ್ತಿದ್ದರು. ಮಗಳು ಗಿರಿಜಾ ದೊಡ್ಡವಳು, ಆಗ ಏಳನೆಯ ಇಯತ್ತೆ. ಮಗ ಕೊಟ್ರೇಶ ಸಣ್ಣವನು. ಅವನ ಮುಖ್ಯ ಕೆಲಸ ಸ್ಕ್ರೂ ಕಳೆಯುವುದು.

ಆ ಶೆಡ್ಡು ಕಂಪನಿಯ ಪ್ರಕಾರ ನಡೆಯುತ್ತಿತ್ತು. ಮಕ್ಕಳಿಗೆ ಜನರಲ್ ಶಿಫ್ಟು ಸಂಜೆ ಹಾಲು ಕುಡಿದ ಮೇಲೆ ಶುರು. ಗಾಲಿ ಕಳಚಿದರೆ ಬ್ರೇಕ್‌ಡೌನ್ ಎಂದು ವರದಿ ಒಪ್ಪಿಸಬೇಕು. ಮಗಳನ್ನು ಅವರು ಅಲ್ಲಿ 'ಗಿರಿಜಮ್ಮನವರ' ಎಂದೇ ಕರೆಯುತ್ತಿದ್ದರು. "ಗಿರಿಜಮ್ಮನವರ, ಈ ಬೆಸುಗಿ ಪಾಸ್ ಮಾಡ್ತೀರೋ ಇಲ್ಲೋ ಹೇಳ್ರಿ" ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಆ ಹುಡುಗಿ ತಂತಿಯನ್ನು ಎಳೆದು ನೋಡಿ, ತುಟಿ ಬಿಗಿದು, ಒಮ್ಮೊಮ್ಮೆ ಫೇಲೂ ಮಾಡುತ್ತಿದ್ದಳು. ಅವರು ಮರುಮಾತಿಲ್ಲದೆ ಮತ್ತೆ ಬೆಸೆಯುತ್ತಿದ್ದರು. ಮಗಳ ಮುಂದೆ ಅಷ್ಟು ಸಂತೋಷದಿಂದ ಫೇಲಾದ ತಂದೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಾರಿನ ಮೈ ಮಾಡುವ ವಿಧಾನ ಮಾತ್ರ ಪೂರ್ತಿ ಅವರದೇ. ಬೇವಿನ ಕಟ್ಟಿಗೆಯಲ್ಲಿ ಕಾರಿನ ಅಚ್ಚು ಕೆತ್ತಿ, ತಂಪು ಪಾನೀಯದ ದೊಡ್ಡ ಪ್ಲಾಸ್ಟಿಕ್ ಬಾಟಲಿಯೊಳಗೆ ಅದನ್ನು ತೂರಿಸಿ, ಹೊರಗಿನಿಂದ ಬಿಸಿಗಾಳಿ ಊದಿದರೆ ಬಾಟಲಿ ಮುದುಡಿ ಅಚ್ಚಿಗೆ ಅಂಟಿಕೊಳ್ಳುತ್ತಿತ್ತು. ಕತ್ತರಿಸಿ ತೆಗೆದರೆ ಗಾಜಿನಂಥ ಕಾರು. ಅದಕ್ಕೆ ಬಣ್ಣ ಹಚ್ಚುವುದು ಒಳಗಿನಿಂದ. ಹೊರಗೆ ಹಚ್ಚಿದ ಬಣ್ಣ ನಮ್ಮೂರಿನ ಧೂಳಿಗೆ, ಉರುಳುವ ಪೆಟ್ಟಿಗೆ ಉಳಿಯುವುದಿಲ್ಲ. ಒಳಗಿನಿಂದ ಹಚ್ಚುವಾಗ ಎಲ್ಲವೂ ತಿರುಗುಮುರುಗು: ಸಣ್ಣ ಗೆರೆ, ಅಕ್ಷರ, ಹೂವು ಮೊದಲು, ಮೈಬಣ್ಣ ಕೊನೆಗೆ. ಒಮ್ಮೆ ತಪ್ಪಿದರೆ ಅಳಿಸುವ ಹಾಗಿಲ್ಲ.

ಮೊದಲ ಕಾರಿಗೆ ಅವರೇ ಭಕ್ತಿಯಿಂದ ಕೂತು ಒಳಮೈಯಲ್ಲಿ 'ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ' ಎಂದು ಬರೆದರು. ಹೊರಗಿನಿಂದ ನೋಡಿದರೆ ಅಕ್ಷರಗಳೆಲ್ಲ ಬೆನ್ನು ಹಾಕಿ ನಿಂತಿದ್ದವು. ಕನ್ನಡಿಯಲ್ಲಿ ನೋಡಿದಾಗ ಮಾತ್ರ ದೇವರು ಪ್ರಸನ್ನನಾಗುತ್ತಿದ್ದ. ಓಣಿಯೆಲ್ಲ ಕನ್ನಡಿ ಹಿಡಿದು ಬಂದು ನಕ್ಕಿತು. ಅವರಿಗಿಂತ ಹೆಚ್ಚು ಯಾರೂ ನಗಲಿಲ್ಲ. ಆಮೇಲೆ ಬರೆಯುವ ಕೆಲಸವನ್ನು ಗಿರಿಜಾ ಕೈಗೆ ತೆಗೆದುಕೊಂಡಳು. ಬಲದಿಂದ ಎಡಕ್ಕೆ, ಕನ್ನಡವನ್ನು ಕನ್ನಡಿಯ ಕನ್ನಡವಾಗಿ ಬರೆಯಲು ಕಲಿತಳು. ಶಾಲೆಯ ಶುದ್ಧಬರಹದಲ್ಲಿ ಅವಳಿಗೆ ಮೊದಲಿನಷ್ಟು ಅಂಕ ಬರಲಿಲ್ಲವೆಂದು ತಾಯಿ ದೂರಿದ್ದೂ ಉಂಟು.

ಈ ಕಾರ್ಖಾನೆಗೆ ಒಂದು ಕಾನೂನಿತ್ತು. ಆ ಅಗ್ಗದ ಆಟಿಕೆಗಳೆಲ್ಲ ಒಂದೇ ತರಂಗದವು. ಅಕ್ಕನ ರಿಮೋಟು ಒತ್ತಿದರೆ ತಮ್ಮನ ಕಾರೂ ಓಡುತ್ತಿತ್ತು. ಇಬ್ಬರೂ ಒಟ್ಟಿಗೆ ಒತ್ತಿದರೆ ಯಾವ ಕಾರೂ ಯಾರ ಮಾತನ್ನೂ ಕೇಳದೆ, ನಿಂತಲ್ಲೇ ಕುಲುಕಿ, ಅರ್ಧ ತಿರುಗಿ, ಮತ್ತೆ ಕುಲುಕುತ್ತಿತ್ತು. ಮಕ್ಕಳು ಇದಕ್ಕೆ ಬಿಕ್ಕಳಿಕೆ ಎಂದು ಹೆಸರಿಟ್ಟಿದ್ದರು. ಹಾಗಾಗಿ ಒಂದು ಸಲಕ್ಕೆ ಒಂದೇ ಗಾಡಿ. ಒಬ್ಬರು ಓಡಿಸುವಾಗ ಇನ್ನೊಬ್ಬರ ರಿಮೋಟಿನ ಸೆಲ್ಲುಗಳನ್ನು ತೆಗೆದು ತಾಯಿಯ ಕೈಗೆ ಕೊಡಬೇಕು. ಆಕೆ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಕೊಟ್ರೇಶ ಎಷ್ಟು ಅತ್ತರೂ ಗಂಟು ಬಿಚ್ಚುತ್ತಿರಲಿಲ್ಲ.

ಪಂದ್ಯವೂ ಸರದಿಯ ಪ್ರಕಾರವೇ. ತಾರಸಿಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಓಡಿಸಬೇಕು. ನಾನು ಗಡಿಯಾರ ಹಿಡಿದು ಹೊತ್ತು ಅಳೆದು ತೀರ್ಪು ಕೊಡಬೇಕು. ಮಂಡಕ್ಕಿ-ಮಿರ್ಚಿ ನನ್ನ ಸಂಭಾವನೆ. ಆದರೆ ಗಿರಿಜಾಳಿಗೆ ಇದರಲ್ಲಿ ತೃಪ್ತಿ ಇರಲಿಲ್ಲ. ಒಂದು ಸಂಜೆ ಕೇಳಿದಳು: "ಸರ, ಬಾಜೂಕ ಇನ್ನೊಂದು ಗಾಡಿ ಇಲ್ದ ಗೆದ್ರ ಅದು ಗೆದ್ದಂಗ ಹೆಂಗ ಆಗ್ತೈತ್ರಿ? ಗಡಿಯಾರದ ಜೋಡಿ ಓಡಿದಂಗ ಆತಲ್ಲ." ಪಕ್ಕದಲ್ಲಿ ಇನ್ನೊಂದು ಕಾರನ್ನು ಇಟ್ಟುಕೊಂಡು ಓಡಬೇಕು, ಅದನ್ನು ಹಿಂದೆ ಹಾಕಬೇಕು. ಆ ವರ್ಷ ಆ ಹುಡುಗಿಗೆ ಬೇರೆ ಆಸೆಯೇ ಇರಲಿಲ್ಲ.

ಇಲ್ಲಿ ಅವರ ಇನ್ನೊಂದು ಅಭ್ಯಾಸ ಹೇಳಬೇಕು. ಮ್ಯಾನೇಜರರ ಫೋನು ಬಂದರೆ ಅವರು ಎದ್ದು ನಿಲ್ಲುತ್ತಿದ್ದರು. ಮೊಬೈಲು ಆಗಷ್ಟೇ ಬಂದಿತ್ತು. ಶೆಡ್ಡಿನಲ್ಲಿ ಕೈತುಂಬ ಅಂಟು ಮೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರೂ ಸರಿ, ಊಟದ ತಟ್ಟೆಯ ಮುಂದಿದ್ದರೂ ಸರಿ, ಫೋನಿನಲ್ಲಿ ಆ ದನಿ ಕೇಳಿದ ಕೂಡಲೆ ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, "ಹೂಂ ಸರ್, ಹೂಂ ಸರ್" ಎನ್ನುತ್ತಿದ್ದರು. ನಾನೊಮ್ಮೆ, "ಅವರಿಗೆ ಕಾಣೂದಿಲ್ರಿ, ಕುಂದ್ರಿ" ಎಂದೆ. "ಕಾಣೂದಿಲ್ಲ ಮಾಸ್ತರ, ಆದ್ರ ದನಿಯಾಗ ಗೊತ್ತಾಗ್ತೈತಿ, ಕುಂತಾನೋ ನಿಂತಾನೋ ಅಂತ" ಎಂದರು. ಆಗ ನಕ್ಕೆವು. ಈ ಬಗೆಯ ವಿನಯ ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿ ಅರ್ಧ ಭಾಗ ಅದೇ ಇದೆ.

ಇಂಥದೇ ಒಂದು ಫೋನಿನಲ್ಲಿ ಆ ಸುದ್ದಿ ಬಂತು. ಮಗಳ ಕಾರುಗಳ ವಿಷಯವನ್ನು ಇವರು ಹೆಮ್ಮೆಯಿಂದ ಮ್ಯಾನೇಜರರಿಗೆ ಹೇಳಿದ್ದರು. ಮ್ಯಾನೇಜರು ಗಣಿಯ ಸಾಹುಕಾರರಿಗೆ ಹೇಳಿದ್ದರು. ಸಾಹುಕಾರರ ಮೊಮ್ಮಗನಿಗೆ ಪರದೇಶದಿಂದ ದೊಡ್ಡ ರಿಮೋಟ್ ಕಾರು ಬಂದಿತ್ತು. ಅದರ ತರಂಗವೇ ಬೇರೆ, ಬಿಕ್ಕಳಿಕೆಯ ಭಯವಿಲ್ಲ. ಆಯುಧಪೂಜೆಗೆ ಲಾರಿ ನಿಲ್ಲುವ ಮೈದಾನಕ್ಕೆ ಹುಡುಗಿಯನ್ನು ಕರೆತನ್ನಿ, ಇಬ್ಬರೂ ಓಡಿಸಲಿ, ನೋಡೋಣ ಎಂದು ಸಾಹುಕಾರರು ಅಪ್ಪಣೆ ಕೊಡಿಸಿದ್ದರು.

ಗಿರಿಜಾ ಆ ಸಂಜೆ ತಾರಸಿಯ ಮೇಲೆ ನಿಂತು ಗೋಡೆಯಾಚೆ ನನ್ನನ್ನು ಕೂಗಿ ಕರೆದು ಹೇಳಿದಳು. ದಸರೆಯವರೆಗೆ ಶೆಡ್ಡಿನಲ್ಲಿ ದೀಪ ಆರಲಿಲ್ಲ. ತಂದೆ-ಮಗಳು ಹೊಸ ಅಚ್ಚು ಕೆತ್ತಿದರು. ಭಾರ ಇಳಿಸಲು ಗಾಲಿಗೆ ತೂತು ಕೊರೆದರು. ಮೈಬಣ್ಣ ಲಾರಿಯ ಹಳದಿ. ಮಗ್ಗುಲಿಗೆ ಕಪ್ಪು ಗೆರೆ. ಹಿಂದೆ, ಎಲ್ಲ ಲಾರಿಗಳ ಮೇಲೆ ಇರುವ ಹಾಗೆ, 'ತಂದೆ ತಾಯಿ ಆಶೀರ್ವಾದ'. ಇದರಲ್ಲಿ ವಿಶೇಷ ಅರ್ಥ ಹುಡುಕಬೇಕಾಗಿಲ್ಲ. ಆಕೆ ಲಾರಿಗಳ ಊರಿನ ಹುಡುಗಿ, ಲಾರಿಯಲ್ಲಿ ಕಂಡದ್ದನ್ನು ಬರೆದಳು.

ಆಯುಧಪೂಜೆಯ ದಿನ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಮೈದಾನದಲ್ಲಿ ತೊಳೆದ ಟಿಪ್ಪರುಗಳು ಮದುಮಕ್ಕಳಂತೆ ಬಾಳೆಕಂಬ, ಚೆಂಡುಹೂವು ತೊಟ್ಟು ನಿಂತಿದ್ದವು. ವರ್ಷಕ್ಕೊಮ್ಮೆ ಮಾತ್ರ ಅವುಗಳ ನಿಜವಾದ ಬಣ್ಣ ಕಾಣುವುದು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಗಿರಿಜಾ ತನ್ನ ಕಾರಿಗೂ ವಿಭೂತಿ ಹಚ್ಚಿ, ಗಾಲಿಯ ಕೆಳಗೆ ನಿಂಬೆಯ ಒಂದು ತೊಳೆ ಇಟ್ಟು ಹಾಯಿಸಿದಳು. ಚಾಲಕರು ಸುತ್ತ ನಿಂತು ನಗುತ್ತ, "ಅವ್ವಿ, ಪರ್ಮಿಟ್ ಐತೇನವ್ವ ನಿನ್ನ ಗಾಡಿಗೆ?" ಎಂದು ಕೇಳಿದರು. "ಐತಿ, ಓವರ್‌ಲೋಡ್ ಇಲ್ಲ" ಎಂದಳು. ಆ ಕಾಲದಲ್ಲಿ ಈ ಜಿಲ್ಲೆಯಲ್ಲಿ ಹಾಗೆ ಹೇಳಬಲ್ಲ ಏಕೈಕ ಗಾಡಿ ಅದು.

ರಿಪೇರಿ ಶೆಡ್ಡಿನ ಸಿಮೆಂಟು ನೆಲವೇ ಪಂದ್ಯದ ದಾರಿ. ಕಂಬದಿಂದ ಹೊರಟು, ಆಚೆ ಇಟ್ಟಿದ್ದ ಡೀಸೆಲ್ ಪೀಪಾಯಿ ಸುತ್ತಿ ಮರಳಬೇಕು. ಸಾಹುಕಾರರು ಕುರ್ಚಿಯ ಮೇಲೆ ಕೂತರು. ಮೊಮ್ಮಗ ಗಿರಿಜಾಳ ವಾರಿಗೆಯವನೇ. ಅವನ ಕಾರು ಅವಳ ಕಾರಿನ ಎರಡರಷ್ಟಿತ್ತು. ಮ್ಯಾನೇಜರು ಕರವಸ್ತ್ರ ಬೀಸಿದರು.

ಎರಡೂ ಕಾರು ಅಕ್ಕಪಕ್ಕ ಹೊರಟವು. ದೊಡ್ಡ ಕಾರಿಗೆ ವೇಗವಿತ್ತು, ತಿರುವು ಗೊತ್ತಿರಲಿಲ್ಲ. ಪೀಪಾಯಿಯ ಹತ್ತಿರ ಅದು ದೂರ ಹೋಗಿ ಸುತ್ತಿತು. ಗಿರಿಜಾಳ ಹಳದಿ ಕಾರು ಪೀಪಾಯಿಗೆ ಒರಸಿಕೊಂಡಂತೆ ತಿರುಗಿ ಮುಂದಾಯಿತು. ಚಾಲಕರು ಶಿಳ್ಳೆ ಹಾಕಿದರು. ಆ ಹುಡುಗಿಯ ಮುಖವನ್ನು ನಾನು ಆಗ ನೋಡಿದೆ. ಅರ್ಧ ದಾರಿ ಉಳಿದಿತ್ತು.

ಆಗ ಕಾರು ಕುಲುಕಿತು. ನಿಂತಿತು. ಅರ್ಧ ತಿರುಗಿ ಮತ್ತೆ ಕುಲುಕಿತು.

ನೆರೆದವರೆಲ್ಲ ಕಾರನ್ನು ನೋಡುತ್ತಿದ್ದರು. ಗಿರಿಜಾ ನೋಡಲಿಲ್ಲ. ಅವಳು ಮೊದಲು ತಮ್ಮನ ಕೈ ನೋಡಿದಳು. ಅವನ ಎರಡೂ ಕೈಯಲ್ಲಿ ಬೂಂದಿಯಿತ್ತು. ಆಮೇಲೆ ಅಪ್ಪನನ್ನು ನೋಡಿದಳು. ಅವರು ಕಂಬಕ್ಕೆ ಆತು ನಿಂತಿದ್ದರು, ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಜೇಬು ಉಬ್ಬಿತ್ತು. ತಮ್ಮನ ರಿಮೋಟಿನ ಅಳತೆ ಆ ಹುಡುಗಿಗೆ ಗೊತ್ತಿಲ್ಲದ್ದೇನಲ್ಲ. ಅವಳು ತನ್ನ ರಿಮೋಟನ್ನು ನಿಧಾನವಾಗಿ ಬಾಗಿ ನೆಲದ ಮೇಲಿಟ್ಟಳು. ದೊಡ್ಡ ಕಾರು ಬಂದು ಕಂಬ ಮುಟ್ಟಿತು. ಮ್ಯಾನೇಜರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಸಾಹುಕಾರರು ತಟ್ಟಲಿಲ್ಲ. ಅವರು ಒಂದು ಕಾಲಕ್ಕೆ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ಗಾಡಿ ನೋಡುವ ಕಣ್ಣು ಇನ್ನೂ ಇತ್ತು. "ಏ ಅವ್ವಿ, ಚಲೋ ಹೊಂಟಿತ್ತಲ್ಲ ನಿನ್ನ ಗಾಡಿ. ಈ ಹುಡುಗಿ ಗೆಲ್ತಾಳ ಅಂದಿದ್ದೆ ನಾನು. ಏನಾತು?" ಎಂದರು. ತಂದೆ ಮುಂದೆ ಬಂದರು. "ಸೆಲ್ ಹೋದ್ವು ಸರ್. ಸಣ್ಣ ಸಾಹುಕಾರರ ಕೈ ಭಾಳ ಚಲೋ ಐತಿ ಸರ್" ಎಂದರು. ಸಣ್ಣ ಸಾಹುಕಾರರು ಅಷ್ಟರಲ್ಲಿ ಕಾರನ್ನು ಅಲ್ಲೇ ಬಿಟ್ಟು ಕುಂಬಳಕಾಯಿ ಒಡೆಯುವುದನ್ನು ನೋಡಲು ಓಡಿದ್ದರು. ತಾವು ಗೆದ್ದ ಸಂಗತಿ ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ ಹೇಳಲಾರೆ.

ಸೋಲಬೇಕೆಂದು ಯಾರಾದರೂ ಸೂಚಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಡವನ ಮೇಲೆ ದೊಡ್ಡವರ ಒತ್ತಡ ಎಂದು ಮುಚ್ಚಿಹಾಕಬಹುದಿತ್ತು. ಯಾರೂ ಸೂಚಿಸಿರಲಿಲ್ಲ. ಅವರು ತಾವಾಗಿಯೇ, ಕೇಳದ ಸೇವೆಯನ್ನು, ಬೇಡದ ದೊರೆಗೆ ಒಪ್ಪಿಸಿದರು. ಆಗ ಅವರ ಮನಸ್ಸಿನಲ್ಲಿ ಒಂದು ಬಡ್ತಿಯಿತ್ತು. ಹೊಸ ಗಣಿಯ ಎಲ್ಲ ಗಾಡಿಗಳ ಉಸ್ತುವಾರಿ, ಸ್ವಂತಕ್ಕೆ ಒಂದು ಜೀಪು. ದೀಪಾವಳಿಗೆ ಅದು ಅವರಿಗೆ ಸಿಕ್ಕಿತು. ಓಣಿಗೆ ಪೇಢೆ ಹಂಚಿದರು. ಹಲವು ವರ್ಷಗಳ ನಂತರ ಆ ಮ್ಯಾನೇಜರು ಒಂದು ಮದುವೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತಿದ್ದಾಗ, ಆ ಬಡ್ತಿ ಶ್ರಾವಣದಲ್ಲೇ ತೀರ್ಮಾನವಾಗಿತ್ತೆಂದೂ, ಅಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲವೆಂದೂ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದರು.

ಅಂದು ಮರಳುವಾಗ ಜೀಪಿನಲ್ಲಿ ಅವರೊಬ್ಬರೇ ಮಾತಾಡಿದರು. ಟಿಪ್ಪರುಗಳ ಮೈಲೇಜು, ಟಯರುಗಳ ಆಯುಷ್ಯ, ಘಾಟಿಯ ರಸ್ತೆ. ಗಿರಿಜಾ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಮನೆ ಮುಟ್ಟಿದ ಮೇಲೆ ರಿಮೋಟಿನ ಸೆಲ್ಲುಗಳನ್ನು ತಾನೇ ತೆಗೆದು ತಾಯಿಯ ಕೈಗೆ ಕೊಟ್ಟಳು. "ಗೆದ್ದೇನವ್ವ?" ಎಂದು ತಾಯಿ ಕೇಳಿದರು. ಕೊಟ್ರೇಶನ ಸೆಲ್ಲುಗಳನ್ನು ಗಂಡ ಬೆಳಿಗ್ಗೆಯೇ, ಇರಲಿ ಎಂದು ಕೇಳಿ ಪಡೆದಿದ್ದರೆಂದು ಆಕೆ ನನ್ನ ಹೆಂಡತಿಗೆ ಹೇಳಿದ್ದು ಆಮೇಲೆ. ಬೆಳಿಗ್ಗೆಯೇ ಎಂಬ ಆ ಒಂದು ಪದ ಇಲ್ಲದಿದ್ದರೆ ನನಗೆ ಇನ್ನಷ್ಟು ನಿದ್ದೆ ಬರುತ್ತಿತ್ತು.

ಮರುದಿನ ಅವರು ಗೋಡೆಯ ಹತ್ತಿರ ಬಂದರು. ನಾನು ಏನನ್ನೂ ಕೇಳಿರಲಿಲ್ಲ. "ಸಣ್ಣ ಹುಡುಗರ ಆಟ ಮಾಸ್ತರ, ಅದರಾಗ ಏನೈತಿ? ನಾಳೆ ಆಕಿ ಓದಿಗೆ, ಮದುವಿಗೆ ಇದ ಕಂಪನಿನ ಬೇಕಲ್ರಿ. ಯಾರ ಮುಂದ ಗೆಲ್ಲಬೇಕು, ಯಾರ ಮುಂದ ಬಿಡಬೇಕು ಅನ್ನೂದು ಮಕ್ಳಿಗೆ ಗೊತ್ತಾಗಬೇಕ್ರಿ" ಎಂದರು. ಮಕ್ಕಳಿಗೆ ಗೊತ್ತಾಗಿದೆ ಎಂದೆ. ಅವರು ಗೋಡೆಯ ಮೇಲೆ ಬೆರಳಾಡಿಸಿ, ಅಂಟಿದ ಕೆಂಪು ಧೂಳನ್ನು ನೋಡಿಕೊಂಡು ಒಳಗೆ ಹೋದರು.

ಶೆಡ್ಡು ಮುಚ್ಚಲಿಲ್ಲ. ಅದು ಮುಚ್ಚಿದ್ದರೆ ಇಷ್ಟು ಕಹಿಯಾಗುತ್ತಿರಲಿಲ್ಲ. ಸಂಜೆಯಾದರೆ ಅವರು ಕೂತು ಬೆಸುಗೆ ಹಾಕುತ್ತಿದ್ದರು. "ಗಿರಿಜಮ್ಮನವರ, ಬಣ್ಣ ಹಚ್ಚೂದೈತಿ, ಬರ್ತೀರೇನು?" ಎಂದು ಕೂಗುವುದು ನನ್ನ ಮನೆಗೂ ಕೇಳುತ್ತಿತ್ತು. "ಓದೂದೈತಪ್ಪ" ಎಂಬ ಉತ್ತರವೂ ಕೇಳುತ್ತಿತ್ತು. ಸಿಟ್ಟಿಲ್ಲ, ಬಿರುಸಿಲ್ಲ, ಬರೀ ಓದುವುದಿದೆ. ಬೆಂಗಳೂರಿಗೆ ಹೋದಾಗ ಅವರು ಪರದೇಶದ ಕಾರೊಂದನ್ನು ತಂದುಕೊಟ್ಟರು. ಅದರ ತರಂಗ ಬೇರೆ. ಈಗ ಇಬ್ಬರೂ ಅಕ್ಕಪಕ್ಕ ಓಡಿಸಬಹುದಿತ್ತು. ಗಿರಿಜಾ ಥ್ಯಾಂಕ್ಸ್ ಹೇಳಿ ಅದನ್ನು ತಮ್ಮನಿಗೆ ಕೊಟ್ಟಳು. ಅಪ್ಪನ ಜೊತೆ ಊಟ ಮಾಡಿದಳು, ದೇವಸ್ಥಾನಕ್ಕೆ ಹೋದಳು, ಜ್ವರ ಬಂದಾಗ ಗಂಜಿ ಕೊಟ್ಟಳು. ಏನನ್ನಾದರೂ ಪಾಸು, ಫೇಲು ಮಾಡುವುದನ್ನು ಮಾತ್ರ ಬಿಟ್ಟಳು. ಅವರು ಬೆಸೆದ ತಂತಿಯನ್ನು ತಂದು ತೋರಿಸಿದರೆ, ನೋಡದೆಯೇ "ಚಲೋ ಐತಿ" ಎನ್ನುತ್ತಿದ್ದಳು.

ಮನುಷ್ಯ ಕೆಟ್ಟವರಾಗಿರಲಿಲ್ಲ. ನನ್ನ ಹೆಂಡತಿಗೆ ಕಾಯಿಲೆಯಾದಾಗ ಕಂಪನಿ ಜೀಪನ್ನು ತಾವೇ ಓಡಿಸಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿದವರು ಅವರು. ಓಣಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ ಬಿಚ್ಚಿ ಕೂರುತ್ತಿದ್ದರು, ಬಿಡಿಗಾಸು ಮುಟ್ಟುತ್ತಿರಲಿಲ್ಲ. ಇದನ್ನೆಲ್ಲ ಸಂತಾಪ ಸಭೆಯಲ್ಲಿ ವಿಸ್ತಾರವಾಗಿ ಹೇಳಿದ್ದೇನೆ.

ಮುಂದೆ ಗಣಿಗಳು ನಿಂತವು. ಲಾರಿಗಳು ರಸ್ತೆಯ ಬದಿಯಲ್ಲಿ ತುಕ್ಕು ಹಿಡಿದವು. ಸಾಹುಕಾರರು ಬೇರೆ ವ್ಯಾಪಾರಕ್ಕೆ ಇಳಿದರು. ಅಲ್ಲಿಗೆ ಕರೆದೊಯ್ದವರ ಪಟ್ಟಿಯಲ್ಲಿ ಇವರ ಹೆಸರು ಇರಲಿಲ್ಲ. ಜೀಪು ಹೋಯಿತು. ಕೊನೆಯ ವರ್ಷಗಳಲ್ಲಿ ಅವರು ಅಂಗಳದಲ್ಲಿ ಕೂತು, ತಾವು ಮಗಳನ್ನು ಓದಿಸಿದ್ದು ಹೇಗೆ ಎಂಬುದನ್ನು ಹಾದುಹೋಗುವವರಿಗೆ ಹೇಳುತ್ತಿದ್ದರು. ಸುಳ್ಳಲ್ಲ. ಗಿರಿಜಾ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಮುಖ್ಯಸ್ಥೆಯಾಗಿದ್ದಾಳೆ. ತಿಂಗಳಿಗೊಮ್ಮೆ ಬರುತ್ತಿದ್ದಳು, ಔಷಧಿ ತರುತ್ತಿದ್ದಳು.

ಅವರು ತೀರಿದ ಮೇಲೆ ನಡೆದ ಶಿವಗಣಾರಾಧನೆಯ ದಿನ ಜಂಗಮರ ಊಟ ಮುಗಿದ ಮೇಲೆ ಅವಳು ಹಿತ್ತಿಲ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತಳು. ವಯಸ್ಸಾದವರಿಗೆ ಸುಮ್ಮನಿರಲು ಬರುವುದಿಲ್ಲ. ನಿಮ್ಮಪ್ಪ ಏನು ಮಾಡಿದರೂ ನಿಮಗಾಗಿಯೇ ಮಾಡಿದರು, ಆ ದಸರೆಯದನ್ನು ಇನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ನಾನು ಮಾಸ್ತರನ ದನಿಯಲ್ಲಿ ಉಪದೇಶ ಮಾಡಿದೆ.

ಅವಳು ಸಿಟ್ಟಾಗಲಿಲ್ಲ. ಲೆಕ್ಕದ ತಪ್ಪು ತೋರಿಸುವವಳ ಹಾಗೆ ಹೇಳಿದಳು: "ಸೋತಿದ್ದಕ್ಕಲ್ಲ ಸರ. ಶೆಡ್ಡಿನಾಗ ಅಪ್ಪ ನನ್ನ ಕೇಳ್ದಂಗ ಒಂದು ಸ್ಕ್ರೂ ತಿರುವ್ತಿದ್ದಿಲ್ಲ. ಅವತ್ತು, 'ಸೋಲವ್ವ, ನನಗ ಬೇಕಾಗೈತಿ' ಅಂತ ಒಂದು ಮಾತು ಕೇಳಿದ್ರ ನಾನ ಸೋತುಬಿಡ್ತಿದ್ದೆ. ಯಾರಿಗೂ ಗೊತ್ತಾಗದಂಗ, ಭಾಳ ಚಂದ ಸೋಲ್ತಿದ್ದೆ."

ಒಳಗಿನಿಂದ ಯಾರೋ ಎರಡನೆಯ ಪಂಕ್ತಿಗೆ ಎಲೆ ಸಾಲದೆಂದು ಕೂಗಿದರು. ಸೆರಗು ಸಿಕ್ಕಿಸಿಕೊಂಡು ಎದ್ದು ಹೋದಳು.